ಬಂಗಲೆಯೊಳಗಿನ ಕುರಿದಾರಿ

ಸೋಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ರಸ್ತೆಯಲ್ಲಿ, ಊರು ಇನ್ನೇನು ಮುಗಿಯಿತು ಅನ್ನುವಲ್ಲಿ ಎಡಗಡೆಗೆ ಏಳು ಹಳೆಯ ಬಂಗಲೆಗಳಿವೆ. ಏಳರಲ್ಲೂ ಮುಂಬಾಗಿಲಿನಿಂದ ಹಿಂಬಾಗಿಲಿನವರೆಗೆ ಎಂಟು ಅಡಿ ಅಗಲದ ನೆಟ್ಟಗಿನ ಪಡಸಾಲೆ. ಮುಂದೆ ನಿಂತರೆ ಹಿತ್ತಲಿನ ಬೇವಿನ ಗಿಡ ಕಾಣುತ್ತದೆ. ಯಾಕೆ ಹೀಗೆ ಎಂದು ಕೇಳಿದರೆ ಏಳೂ ಮನೆಯ ಯಜಮಾನರು ಎದೆ ಉಬ್ಬಿಸಿ "ಗಾಳಿ ಸಲುವಾಗಿ" ಎನ್ನುತ್ತಾರೆ. ನಾನೂ ಹಾಗೆಂದೇ ಬರೆದುಕೊಂಡಿದ್ದೆ. ಮನೆಪಟ್ಟಿಯ, ಅಂದರೆ ಮನೆ ತೆರಿಗೆಯ, ಸಲುವಾಗಿ ಊರಿನ ಮನೆಗಳನ್ನು ಅಳೆಯುವುದು ನನ್ನ ನೌಕರಿ. ಹದಿನೆಂಟು ವರ್ಷ ಟೇಪು ಹಿಡಿದವನು. ಗೋಡೆ ಬಾಗಿಲುಗಳ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಸೊಕ್ಕು ನನಗಿತ್ತು. ಅದನ್ನು ಇಳಿಸಿದವನು ಭಂಡಾರಕವಠೆಯ ಕುರಿಗಾರ ಬೀರಣ್ಣ. ಅವನು ಟೇಪು ಹಿಡಿದವನೇ ಅಲ್ಲ.

೧೯೭೪ರಲ್ಲಿ ನಾನು ಆ ಸಾಲಿನ ಅತಿ ಹಳೆಯ ಮನೆಯಾದ 'ಅಮೃತ ನಿವಾಸ'ವನ್ನು ಅಳೆಯಲು ಹೋದೆ. ಮನೆ ಆಗ ಚಾದರ ವ್ಯಾಪಾರಿ ಶಾಂತಲಿಂಗಪ್ಪನವರದು. ಮುಂದೆ ಎಲೆಬಳ್ಳಿ ಕೆತ್ತಿದ ನಾಲ್ಕು ಕಂಬ, ಕಿಟಕಿಗೆ ಬಣ್ಣದ ಗಾಜು, ಮೇಲೆ ಬರ್ಮಾ ತೇಗದ ತೊಲೆ. ಎಲ್ಲ ಸರಿ. ಆದರೆ ಮೂರು ಸಂಗತಿಗಳು ನನ್ನ ಲೆಕ್ಕಕ್ಕೆ ಸಿಗಲಿಲ್ಲ. ಎರಡೂ ಬಾಗಿಲಿಗೆ ಹೊಸ್ತಿಲೇ ಇರಲಿಲ್ಲ. ಮುಂಬಾಗಿಲಿಗೆ ಒಂದು ಮರದ ಹಲಗೆಯನ್ನು ಅಡ್ಡ ಇಟ್ಟು ಅದಕ್ಕೇ ಅರಿಸಿನ ಕುಂಕುಮ ಹಚ್ಚಿದ್ದರು. ಪಡಸಾಲೆಯ ಎರಡೂ ಗೋಡೆಗಳು ಮೊಣಕಾಲಿನ ಎತ್ತರದಲ್ಲಿ, ಉದ್ದಕ್ಕೂ ಒಂದು ಪಟ್ಟಿಯಂತೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಮತ್ತೆ ನೆಲದ ಮಧ್ಯದಲ್ಲಿ, ಶಹಾಬಾದಿ ಫರಸಿಗಲ್ಲುಗಳ ನಡುವೆ, ಜೋಳದ ಭಾಕ್ರಿಯಷ್ಟು ಅಗಲದ ಒಂದು ಕರಿಕಲ್ಲು.

ನಾನು ಗೋಡೆ ಸವರಿ, ತಲೆ ಅಲ್ಲಾಡಿಸಿ, ಕಾಗದದ ಮೇಲೆ 'ವಿಶೇಷ ಗಿಲಾವು', ಅಂದರೆ ನಯವಾದ ಗಾರೆ, ಎಂದು ಬರೆದೆ. "ಇಂಥಾ ಕೆಲಸ ಈಗಿನ ಗವಂಡಿಗಳಿಗೆ ಬರೂದಿಲ್ಲ ಬಿಡ್ರಿ" ಎಂದೆ.

ಶಾಂತಲಿಂಗಪ್ಪನವರು ಕೆಮ್ಮಿದರು. ಅವರ ಹೆಂಡತಿ ಅಕ್ಕನಾಗಮ್ಮ ಒಳಗಿನಿಂದಲೇ ಹೇಳಿದರು: "ಗವಂಡಿ ಅಲ್ಲರಿ. ಅದು ಕುರಿ ಮೈ ಉಜ್ಜಿದ್ದು."

ಮರ್ಯಾದೆ ಹೋದ ಮೇಲೆ ಕಥೆಯನ್ನಾದರೂ ಕೇಳೋಣವೆಂದು ನಾನು ಅಲ್ಲೇ ಕುಳಿತೆ.

ಕಥೆ ಇಷ್ಟು. ೧೯೧೧ರಲ್ಲಿ ಆ ಜಾಗ ಬೀರಣ್ಣನ ಅಜ್ಜ ಅಮೋಗಸಿದ್ಧನ ಕುರಿಹಟ್ಟಿ. ನಡುವೆ ಕುರಿಗಾರರ ದೇವರು ಬೀರೋಬಾನ ಕಲ್ಲು. ಹತ್ತಿಯ ವ್ಯಾಪಾರಿ ಅಮೃತಪ್ಪನವರು ಅಲ್ಲಿ ಬಂಗಲೆ ಕಟ್ಟಬೇಕೆಂದು ಜಾಗ ಕೇಳಿದಾಗ ಮುದುಕ ಕೊಡುತ್ತೇನೆ ಎಂದ, ಆದರೆ ಒಂದು ಕರಾರು ಹಾಕಿದ. ದೀಪಾವಳಿಯ ಪಾಡ್ಯದ ದಿನ ಕುರಿಗಳನ್ನು ಪೂಜೆ ಮಾಡಿ ಓಡಿಸುವುದು ಅವರ ಪದ್ಧತಿ. ಆ ದಿನ ತನ್ನ ವಂಶದವರ ಕುರಿಗಳು ಮೂಡಲಿಂದ ಬಂದು, ಬೀರೋಬಾನ ಕಲ್ಲನ್ನು ತುಳಿದು, ಪಡುವಲಕ್ಕೆ ಹೋಗಬೇಕು. ದಾರಿಗೆ ಯಾರೂ ಅಡ್ಡಿ ಮಾಡಬಾರದು. ಒಂದು ವರ್ಷ ದೀಪ ಹಚ್ಚುವ ಹೊತ್ತಿನೊಳಗೆ ಕುರಿ ದಾಟದಿದ್ದರೆ ಹಕ್ಕು ಅಲ್ಲಿಗೆ ಮುಗಿಯಿತು. ಮುದುಕ ಇನ್ನೆರಡು ದೀಪಾವಳಿಯ ಗಿರಾಕಿ ಎಂದುಕೊಂಡು ಅಮೃತಪ್ಪನವರು ಸಹಿ ಹಾಕಿದರು.

ಮುದುಕ ಮತ್ತೆ ಇಪ್ಪತ್ತೊಂದು ವರ್ಷ ಬದುಕಿದ.

ಬಂಗಲೆಯ ನಕಾಶೆ ಬರೆಯಲು ಪುಣೆಯಿಂದ ಬಂದ ಇಂಜಿನಿಯರರು "ನಡುವೆ ಈ ಓಣಿ ಯಾತಕ್ಕೆ?" ಎಂದು ಕೇಳಿದರಂತೆ. ಕುರಿ ಎಂದು ಹೇಳಲು ಅಮೃತಪ್ಪನವರಿಗೆ ನಾಚಿಕೆಯಾಯಿತು. "ಗಾಳಿಗೆ" ಎಂದುಬಿಟ್ಟರು. ಪುಣೆಯ ಇಂಜಿನಿಯರರು ಬರೆದದ್ದು ಎಂಬ ಒಂದೇ ಕಾರಣಕ್ಕೆ ಆಮೇಲೆ ಆ ಸಾಲಿನಲ್ಲಿ ಕಟ್ಟಿದ ಆರೂ ಮನೆಗಳು ಅದೇ ಪಡಸಾಲೆಯನ್ನು ನಕಲು ಮಾಡಿದವು. ಹೊಸ್ತಿಲು ಮಾತ್ರ ಆ ಆರು ಮನೆಗಳಿಗಿವೆ. 'ಅಮೃತ ನಿವಾಸ'ಕ್ಕೆ ಇಡಿಸಲಿಲ್ಲ, ಯಾಕೆಂದರೆ ಕುರಿಯ ದಾರಿಗೆ ಅಡ್ಡಿ ಮಾಡಬಾರದು ಎಂದು ಕರಾರು ಇದೆಯಲ್ಲ. ಹೊಸ್ತಿಲಿಲ್ಲದ ಮನೆಯಲ್ಲಿ ಲಕ್ಷ್ಮಿ ಹೇಗೆ ನಿಂತಾಳು ಎಂದು ಅಮೃತಪ್ಪನವರ ಹೆಂಡತಿ ಅತ್ತರು. ಹದಿನೈದು ವರ್ಷಕ್ಕೆ ವ್ಯಾಪಾರ ಮುಳುಗಿತು. ಅಲ್ಲಿಗೆ ಅವರ ಮಾತು ಖರೆಯಾಯಿತು ಎಂದು ಎಲ್ಲರೂ ನಂಬಿದರು.

ಎರಡನೆಯ ಯಜಮಾನರು ರಾಜೂರಕರ ವಕೀಲರು. ಅವರು ಕರಾರುಪತ್ರವನ್ನು ಮೂರು ಸಲ ಓದಿ, ದಾರಿ ಸಮತಟ್ಟಾಗಿರಬೇಕೆಂದು ಎಲ್ಲೂ ಬರೆದಿಲ್ಲ ಎಂದು ಕಂಡುಹಿಡಿದರು. ಕಟ್ಟಿದ ಮನೆಯನ್ನು ಎತ್ತರ ಮಾಡುವುದು ಸಾಧ್ಯವಿಲ್ಲವಲ್ಲ, ಮುಂದಿನ, ಹಿಂದಿನ ಅಂಗಳವನ್ನೇ ನಾಲ್ಕು ಅಡಿ ತಗ್ಗಿಸಿದರು! ಮುಂದೆ ಒಂಬತ್ತು ಮೆಟ್ಟಿಲು, ಹಿಂದೆ ಒಂದೂ ಇಲ್ಲ. ಆ ವರ್ಷ ಪಾಡ್ಯದ ಬೆಳಿಗ್ಗೆ ವಕೀಲರು ಹಿಂದಿನ ಅಂಗಳದಲ್ಲಿ ಮಣೆಯ ಮೇಲೆ ಕುಳಿತು ಹೆಂಡತಿಯ ಕೈಯಿಂದ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು. ಕುರಿಗಳು ಒಂಬತ್ತು ಮೆಟ್ಟಿಲನ್ನು ಆಟದಂತೆ ಹತ್ತಿ, ಪಡಸಾಲೆ ದಾಟಿ, ಹಿಂಬಾಗಿಲಿನಿಂದ ಸಾಲಾಗಿ ವಕೀಲರ ತಲೆಯ ಮೇಲಿಂದ ಹಾರಿದವು. ಒಂದೂ ತಾಗಲಿಲ್ಲ. ಆದರೆ ಎದ್ದು ನಿಲ್ಲುವ ಹಾಗಿಲ್ಲ, ನೆಟ್ಟಗೆ ಕೂರುವ ಹಾಗಿಲ್ಲ. ಅರವತ್ತು ಕುರಿ ಹಾರಿ ಮುಗಿಯುವ ತನಕ ಅವರು ಎಣ್ಣೆಯಲ್ಲಿ ಬಗ್ಗಿ ಕುಳಿತಿದ್ದರು. ಮರುವಾರವೇ ಅವರ ಹೆಂಡತಿ ಗಂಡನನ್ನು ಕೇಳದೆ ಹಿಂದೆ ಇಳಿಜಾರು ಕಟ್ಟಿಸಿದರು. ಅದು ಇವತ್ತಿಗೂ ಇದೆ, ನಾನು ಅಳೆದಿದ್ದೇನೆ, ಹದಿನಾಲ್ಕು ಅಡಿ.

ಮೂರನೆಯವರು ಶಾರದಾಬಾಯಿ, ಹೆಣ್ಣುಮಕ್ಕಳ ಸಾಲೆಯ ಮುಖ್ಯಾಧ್ಯಾಪಿಕೆ, ಒಂಟಿ ಹೆಂಗಸು. ಅವರು ಮಾತ್ರ ಜಗಳ ಮಾಡಲಿಲ್ಲ. ಪಾಡ್ಯದ ದಿನ ಕುರ್ಚಿ ಹಾಕಿಕೊಂಡು ಕುಳಿತು ಕುರಿಗಳನ್ನು ನೋಡುತ್ತಿದ್ದರು. ಬಿಸಿಲಿಗೆ ಪುಡಿಯಾಗಿದ್ದ ಗೋಡೆಗಳನ್ನು ಬಳಿಸಲು ಹೋಗಲಿಲ್ಲ. ಇಪ್ಪತ್ತೊಂಬತ್ತು ಪಾಡ್ಯಗಳ ಉಣ್ಣೆಯ ಎಣ್ಣೆ ಹತ್ತಿ ಅವು ಹೊಳೆದವು.

ಈ ಎಲ್ಲವನ್ನೂ ಕಂಡವನು ಬೀರಣ್ಣ ಒಬ್ಬನೇ. ಮೊದಲ ಪಾಡ್ಯಕ್ಕೆ ಅಪ್ಪನ ಹೆಗಲ ಮೇಲೆ ಬಂದಿದ್ದನಂತೆ. ಆಮೇಲೆ ಒಂದು ವರ್ಷವೂ ತಪ್ಪಿಸಿಲ್ಲ. ಮಳೆಗಾಲ ಮುಗಿದರೆ ಕುರಿಗಾರರೆಲ್ಲ ಹುಲ್ಲು ಇದ್ದಲ್ಲಿಗೆ ಹೋಗುತ್ತಾರೆ. ಬೀರಣ್ಣ ಎಷ್ಟು ದೂರ ಹೋದರೂ ಪಾಡ್ಯಕ್ಕೆ ಸೋಲಾಪುರಕ್ಕೆ ಮುಟ್ಟುವಷ್ಟೇ ದೂರ ಹೋದ. ರಜಾಕಾರರ ಗದ್ದಲದ ವರ್ಷ ಸುತ್ತು ಹಾಕಿ ಆರು ದಿನ ನಡೆದು ಬಂದ. ಒಂದು ಸಲ ಚಳಿಜ್ವರದಲ್ಲಿ ಚಕ್ಕಡಿಯೊಳಗೆ ಮಲಗಿ ಬಂದ, ಮುಂದೆ ಕುರಿ, ಹಿಂದೆ ಚಕ್ಕಡಿ. ಕುರಿ ದಾಟಿದವು ಎಂದು ಹೆಂಡತಿ ಹಣಮವ್ವ ಕೂಗಿ ಹೇಳಿದ ಮೇಲೆಯೇ ನಿದ್ದೆ ಮಾಡಿದನಂತೆ.

"ಮನಿ ನಂದ್ರಿ" ಎಂದು ಆಮೇಲೆ ಸಿಕ್ಕಾಗ ನನಗೂ ಹೇಳಿದ. ಸುಳ್ಳು ಹೇಳುವವನ ಮುಖ ಅದಲ್ಲ. "ವರ್ಷಕ್ಕ ಒಂದ ದಿನ ನಾ ಇರ್ತೀನಿ. ಉಳಿದ ದಿನ ಇವರು ನೋಡ್ಕೋತಾರ. ಅಮೃತಪ್ಪ ಸಾವ್ಕಾರ್ರು ಹದಿನೈದ ವರ್ಷ ನೋಡ್ಕೊಂಡ್ರು, ವಕೀಲರು ಹನ್ನೆರಡ, ಬಾಯಿಯವರು ಇಪ್ಪತ್ತೊಂಬತ್ತ. ಇವರು ಮೊನ್ನಿ ಬಂದಾರ, ಹೊಸಬರು."

ಮಗನಿಗೆ ಹೆಣ್ಣು ನೋಡುವಾಗಲೂ ಅವನು ಇದನ್ನೇ ಹೇಳಿದ. ನಂದೇಶ್ವರದ ಬೀಗರು ಸೋಲಾಪುರದ ಬಂಗಲೆ ಎಂಬ ಮಾತನ್ನು ನಂಬದೆ, ಪಾಡ್ಯವಲ್ಲದ ಒಂದು ದಿನ ಎಂಟು ಜನ ಬಂದು ಗೇಟಿನ ಮುಂದೆ ನಿಂತು, "ಇದು ಬೀರಣ್ಣನ ಮನಿಯೇನ್ರಿ?" ಎಂದು ಕೇಳಿದರು. ಶಾರದಾಬಾಯಿ ಕನ್ನಡಕ ಸರಿಮಾಡಿಕೊಂಡು, ಬಂದವರ ರುಮಾಲುಗಳನ್ನೂ ಅವರ ಹಿಂದೆ ನಿಂತು ಬೆವರುತ್ತಿದ್ದ ಬೀರಣ್ಣನನ್ನೂ ನೋಡಿ, "ಹೌದರಿ. ಸದ್ಯಕ್ಕ ನಾ ಇದ್ದೀನಿ" ಎಂದರು. ಎಂಟು ಜನಕ್ಕೂ ಚಹಾ ಕೊಟ್ಟರು. ಮದುವೆಯಾಯಿತು. ಸೊಸೆ ಜನಾಬಾಯಿಗೆ ನಿಜ ತಿಳಿದದ್ದು ಮೊದಲ ದೀಪಾವಳಿಗೆ. ಅವಳು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತವರಿನ ರೇಶಿಮೆ ಸೀರೆ ಉಟ್ಟು, ಕುರಿಗಳ ಹಿಂದೆ ಪಡಸಾಲೆ ದಾಟಿದಳು. ಅಂದಿನಿಂದ ಪ್ರತಿ ಪಾಡ್ಯಕ್ಕೂ ಅದೇ ಸೀರೆ, ಅದೇ ನಡಿಗೆ. ಮಾವನ ಮನೆ ಎಂದು ಅವಳು ಹೇಳುವುದು ಭಂಡಾರಕವಠೆಯ ಮನೆಗೆ ಅಲ್ಲ.

ಅಕ್ಕನಾಗಮ್ಮನಿಗೆ ಕುರಿಗಳ ಮೇಲೆ ಸಿಟ್ಟಿರಲಿಲ್ಲ. ಹೊಸ್ತಿಲಿನ ಮೇಲೆ ಆಸೆ ಇತ್ತು. ೧೯೬೮ರ ವಾಸ್ತುಶಾಂತಿಗೆ ಅಕ್ಕಲಕೋಟದ ಅವರ ಅಣ್ಣ ಕಮಲ ಕೆತ್ತಿದ ಕರಿಕಲ್ಲಿನ ಹೊಸ್ತಿಲೊಂದನ್ನು ಲಾರಿಯಲ್ಲಿ ಕಳಿಸಿದ್ದರು. ತವರಿನ ಉಡುಗೊರೆ. ಅದನ್ನು ಕೂರಿಸುವಂತಿರಲಿಲ್ಲ. ಆರು ವರ್ಷದಿಂದ ಅದು ಹಿತ್ತಲಿನಲ್ಲಿ ಬಿದ್ದಿತ್ತು, ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಇವರ ಪೂಜೆ ಮರದ ಹಲಗೆಗೆ. ವರ್ಷದ ಅತಿ ದೊಡ್ಡ ಹಬ್ಬದ ದಿನವೇ ಆ ಹಲಗೆಯನ್ನು ಎತ್ತಿ ಅಡುಗೆಮನೆಯಲ್ಲಿ ಇಡಬೇಕು.

"ಹೊಸ್ತಿಲಾ ಎತ್ತಿಡೂ ಮನಿ ಯಾ ಊರಾಗ ಐತಿ ಹೇಳ್ರಿ?" ಎಂದು ಅವರು ನನ್ನನ್ನು ಕೇಳಿದಾಗ, ಹದಿನೆಂಟು ವರ್ಷ ಮನೆ ಅಳೆದ ನಾನು ಟೇಪು ಸುತ್ತತೊಡಗಿದೆ.

೧೯೭೫ರ ಪಾಡ್ಯಕ್ಕೆ ನೋಡಲು ಬಾ ಎಂದು ಶಾಂತಲಿಂಗಪ್ಪನವರು ನನ್ನನ್ನು ಕರೆದರು. ಕುರಿ ತೋರಿಸಲು ಅಲ್ಲ, ಹೊಸ ನೆಲ ತೋರಿಸಲು. ಹಳೆಯ ಫರಸಿ ಕಿತ್ತು, ಬೀರೋಬಾನ ಕಲ್ಲೊಂದನ್ನು ಬಿಟ್ಟು, ಇಡೀ ಪಡಸಾಲೆಗೆ ಮೊಸಾಯಿಕ್ ಹಾಕಿಸಿದ್ದರು. ಯಂತ್ರ ತರಿಸಿ ತಿಕ್ಕಿಸಿ ಮೇಣ ಹಚ್ಚಿಸಿದ್ದರು. ಮೇಲಿನ ತೊಲೆಗಳು ಕೆಳಗೆ ಕಾಣುತ್ತಿದ್ದವು. ನನಗೆ ಚಪ್ಪಲಿ ಬಿಟ್ಟರೂ ಕಾಲಿಡಲು ಅಂಜಿಕೆಯಾಯಿತು.

ಬೀರಣ್ಣ ಬಂದಾಗ ನಾಲ್ಕು ಗಂಟೆ. ಅರವತ್ತೈದರ ಮುದುಕ, ಹೆಗಲ ಮೇಲೆ ಕಂಬಳಿ, ಹಣೆ ತುಂಬ ಅರಿಸಿನದ ಭಂಡಾರ. ಕುರಿಗಳ ಕೊಂಬಿಗೆ ಕೆಂಪು, ಕೊರಳಿಗೆ ಚೆಂಡು ಹೂವು. ಕೊನೆಗೆ ರೇಶಿಮೆ ಸೀರೆಯ ಜನಾಬಾಯಿ. ಅಕ್ಕನಾಗಮ್ಮ ಹಲಗೆ ಎತ್ತಿದರು. ಮುಂದಾಳು ಟಗರು ಒಂಬತ್ತು ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದು ನಿಂತಿತು. ಕೆಳಗೆ ನೋಡಿತು. ಕೆಳಗಿನಿಂದ ಇನ್ನೊಂದು ಟಗರು ಅದನ್ನು ನೋಡಿತು. ಇದು ತಲೆ ತಗ್ಗಿಸಿದರೆ ಅದೂ ತಗ್ಗಿಸಿತು. ಟಗರು ಎರಡು ಹೆಜ್ಜೆ ಹಿಂದೆ ಸರಿದು, ಓಡಿ ಬಂದು ನೆಲಕ್ಕೆ ಗುದ್ದಿತು. ಡಬ್ ಎಂದಿತು. ಸುಧಾರಿಸಿಕೊಂಡು ಎದ್ದು ಹಿಂದಿರುಗಿ ನೋಡದೆ ಅಂಗಳಕ್ಕೆ ಇಳಿಯಿತು.

ಅಲ್ಲಿಗೆ ಮಿಕ್ಕ ಕುರಿಗಳಿಗೂ ವಿಷಯ ತಿಳಿಯಿತು. ಸಂಜೆಯ ಬಿಸಿಲು ಹಿಂಬಾಗಿಲಿನಿಂದ ನೇರ ಒಳಗೆ ಬಿದ್ದು ನೆಲ ಕೆರೆಯ ನೀರಿನಂತೆ ಹೊಳೆಯುತ್ತಿತ್ತು. ಕುರಿ ನೀರಿಗೆ ಇಳಿಯುವ ಪ್ರಾಣಿಯಲ್ಲ. ಬೀರಣ್ಣ ಕರೆದ, ಗದರಿದ, ಹುಲ್ಲು ಚೆಲ್ಲಿದ. ಒಂದು ಕುರಿಯನ್ನು ಎತ್ತಿ ಒಳಗೆ ಬಿಟ್ಟ. ಅದರ ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಜಾರಿ, ಅದು ಹೊಟ್ಟೆಯ ಮೇಲೆ ಕುಳಿತು ಊರಿಗೆಲ್ಲ ಕೇಳುವಂತೆ ಅರಚಿತು. ಬೀರಣ್ಣ ಅದನ್ನು ಎದೆಗಪ್ಪಿಕೊಂಡು ಹೊರಗೆ ತಂದ.

ವಕೀಲರ ಬುದ್ಧಿಗೆ ಸಿಗದ ಉಪಾಯವನ್ನು ತಾವು ಗೊತ್ತಿಲ್ಲದೆ ಮಾಡಿದ್ದೇವೆ ಎಂದು ಶಾಂತಲಿಂಗಪ್ಪನವರಿಗೆ ಆಗ ಹೊಳೆಯಿತು. ಅವರು ಕೆಟ್ಟವರಲ್ಲ, ಗಾಬರಿಯಾದರು. "ಅರೇ ದೇವಾ! ಹೊತಗೊಂಡ ದಾಟಸ ಬೀರಣ್ಣ, ನಾ ಏನೂ ಅನ್ನೂದಿಲ್ಲ" ಎಂದರು.

"ಹೊತಗೊಂಡ ಹೋದ್ರ ಕುರಿ ದಾಟಿದಂಗ ಆಗೂದಿಲ್ಲರಿ ಸಾವ್ಕಾರ್ರ" ಎಂದ ಬೀರಣ್ಣ. "ನಾ ದಾಟಿದಂಗ ಆಕ್ಕೈತಿ. ಬೀರೋಬಾಗ ಕುರಿ ಕಾಲು ಬೇಕು."

ಐದೂವರೆಯಾಯಿತು. ಬಿಸಿಲು ಕೆಂಪಾಯಿತು. ಅಕ್ಕನಾಗಮ್ಮ ಬಾಗಿಲ ಹಿಂದೆ ನಿಂತು ನೋಡುತ್ತಿದ್ದರು. ಒಮ್ಮೆ ಕುರಿಗಳನ್ನು, ಒಮ್ಮೆ ಹಿತ್ತಲಿನ ಹೊಸ್ತಿಲಿನ ಕಲ್ಲನ್ನು. ಆಮೇಲೆ ಮೆಲ್ಲಗೆ, ಯಾರಿಗೂ ಕೇಳಬಾರದು ಎನ್ನುವಂತೆ ನನಗೆ ಹೇಳಿದರು: "ಮರೆಪ್ಪ ಗವಂಡಿ ಪಕ್ಕದ ಓಣ್ಯಾಗ ಇರ್ತಾನ್ರಿ. ನಾಳಿ ಮುಂಜಾನಿ ಬಾ ಅಂತ ಹೇಳಿ ಹೋಗ್ತೀರೇನು?" ನನಗೆ ಕೆಟ್ಟೆನಿಸಿತು, ಆದರೂ ಹೂಂ ಎಂದೆ. ಏಳು ವರ್ಷ ತವರಿನ ಕಲ್ಲಿನ ಮೇಲೆ ಬಟ್ಟೆ ಒಗೆದ ಹೆಂಗಸಿಗೆ ಇಲ್ಲ ಎನ್ನುವುದು ಹೇಗೆ?

ಆಗ ಬೀರಣ್ಣ ಕುರಿಗಳನ್ನು ಬಿಟ್ಟ. ಮೆಟ್ಟಿಲು ಹತ್ತಿ ಬಂದು ಬಾಗಿಲಿನ ಹೊರಗೆ, ಎಂದೂ ನಿಲ್ಲದ ಜಾಗದಲ್ಲಿ ನಿಂತ. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಒಳಗಿನ ಬೀರೋಬಾನ ಕಲ್ಲನ್ನು ನೋಡಿ, ಅಕ್ಕನಾಗಮ್ಮನ ಕಡೆ ತಿರುಗಿ ಕೇಳಿದ:

"ಅವ್ವಾರ, ಒಮ್ಮಿ ಕೈ ಮುಗದ ಹೋಗ್ತೀನಿ. ಒಳಗ ಬರಲೇನ್ರಿ?"

ಅಪ್ಪನ ಹೆಗಲಿನಿಂದ ಹಿಡಿದು ಅರವತ್ತು ವರ್ಷ ಈ ಮನುಷ್ಯ ಆ ಬಾಗಿಲಲ್ಲಿ ಯಾರ ಅಪ್ಪಣೆಯನ್ನೂ ಕೇಳಿದವನಲ್ಲ. ಮೆಟ್ಟಿಲ ಕೆಳಗೆ ಜನಾಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಕ್ಕನಾಗಮ್ಮ ತಟ್ಟನೆ ತಿರುಗಿದರು. ಒಳಗೆ ಹೋದರು. ಎರಡು ಖೋಲಿಗಳ ತುಂಬ ದೀಪಾವಳಿಯ ಮಾಲು ಇತ್ತು, ಅಂಗಡಿಗೆ ಹೋಗಬೇಕಾದ ಹೊಸ ಚಾದರಗಳು. ಒಂದು ಗಂಟನ್ನು ಎಳೆದು ತಂದರು, ಹಲ್ಲಿನಿಂದ ಹಗ್ಗ ಕಚ್ಚಿ ಬಿಚ್ಚಿದರು, ಒಂದು ಚಾದರ ಝಾಡಿಸಿ ಮೊಸಾಯಿಕ್ ಮೇಲೆ ಹಾಸಿದರು. ಅದರ ಮುಂದೆ ಇನ್ನೊಂದು.

"ಏ ಇವಳ!" ಶಾಂತಲಿಂಗಪ್ಪನವರ ಧ್ವನಿ ಒಡೆಯಿತು. "ಏನ ಮಾಡಾಕತ್ತಿ?"

"ಕಾಣಸೂದಿಲ್ಲೇನು? ಹಾಸಾಕತ್ತೀನಿ."

"ಹೊಸಾ ಮಾಲ ಅದು! ಅಯ್ಯ, ಅದ ಬ್ಯಾಡ, ನವಿಲಿನ ಡಿಝೈನ ಬ್ಯಾಡ! ತಡಿ, ಹೂವಿಂದ ಹಾಸು, ಹೂವಿಂದ ಸಾಕಷ್ಟು ಅದಾವ!" ಎನ್ನುತ್ತ ತಾವೇ ಹೂವಿನ ಗಂಟು ತರಲು ಓಡಿದರು.

ನಾನೂ ಒಂದು ಕೊನೆ ಹಿಡಿದೆ. ಜನಾಬಾಯಿ ಇನ್ನೊಂದು ಕೊನೆ ಹಿಡಿದಳು. ಮೂಡಲ ಬಾಗಿಲಿನಿಂದ ಪಡುವಲ ಬಾಗಿಲವರೆಗೆ ಐವತ್ತೆರಡು ಚಾದರ, ಬೀರೋಬಾನ ಕಲ್ಲೊಂದು ತೆರೆದದ್ದು. ಟಗರು ಬಂದು ಮೂಸಿತು. ಗುದ್ದಾಡಲು ಕೆಳಗೆ ಯಾರೂ ಇರಲಿಲ್ಲ. ಕಾಲಿಟ್ಟಿತು. ಅದರ ಹಿಂದೆ ಎಲ್ಲ ಕುರಿಗಳೂ ನುಗ್ಗಿದವು, ಗೋಡೆಗೆ ಮೈ ಉಜ್ಜುತ್ತ, ಹೂವಿನ ಚಾದರಗಳ ಮೇಲೆ ಹಿಕ್ಕೆ ಉದುರಿಸುತ್ತ, ಕಲ್ಲು ತುಳಿದು, ಇಳಿಜಾರಿನಲ್ಲಿ ಇಳಿದವು. ಪಕ್ಕದ ಬಂಗಲೆಯಲ್ಲಿ ದೀಪ ಹತ್ತಿದಾಗ ಕೊನೆಯ ಮರಿಯ ಬಾಲವೂ ಹಿಂಬಾಗಿಲು ದಾಟಿತ್ತು.

ಬೀರಣ್ಣ ಕಲ್ಲಿನ ಮುಂದೆ ಕುಳಿತು ಭಂಡಾರ ಹಚ್ಚಿ ಕೈ ಮುಗಿದ. ಎದ್ದ ಮೇಲೆ, ಅಡುಗೆಮನೆಯಿಂದ ಹಲಗೆ ತರುತ್ತಿದ್ದ ಅಕ್ಕನಾಗಮ್ಮನನ್ನು ನೋಡಿ ಕೇಳಿದ: "ಅವ್ವಾರ, ನಾ ಭಾಳ ವರ್ಷದಿಂದ ಕೇಳಬೇಕಂತೀನಿ. ಇದನ್ಯಾಕ ಎತ್ತಿಡ್ತೀರಿ ನೀವು?"

"ಯಾಕಂದ್ರ? ನಿಮ್ಮ ಕುರಿ ದಾಟಬೇಕಲ್ಲ ಕಾಕಾ!"

ಬೀರಣ್ಣ ಅವರನ್ನು ನೋಡಿದ. ನಮ್ಮೆಲ್ಲರನ್ನೂ ನೋಡಿದ.

"ವಕೀಲರ ತಲಿ ಮ್ಯಾಲಿಂದ ಹಾರಿದ ಕುರಿರಿ ಇವು. ಗೇಣ ಹೊಸ್ತಿಲಾ ದಾಟೂದಿಲ್ಲೇನ್ರಿ? ಕಲ್ಲಿಂದ ಹಾಕ್ರಿ, ಎರಡ ಗೇಣ ಹಾಕ್ರಿ. ನಮ್ಮಜ್ಜ ಹೊಸ್ತಿಲಾ ಬ್ಯಾಡ ಅಂತ ಎಲ್ಲಿ ಬರಸ್ಯಾನ? ಹೊಸ್ತಿಲಾ ಇಲ್ಲದ ಮನಿ ಮನೀನ ಅಲ್ಲ ಅಂತ ನಮ್ಮವ್ವ ಸಾಯೂತನಕಾ ನಿಮಗೆಲ್ಲಾ ಬೈತಿದ್ಲು. ಪ್ಯಾಟಿ ಮಂದಿ ರೂಢಿ ಇರಬೇಕಂತ ನಾ ಸುಮ್ಮಿದ್ದೆ."

"ಮೊದಲ ಹೇಳಬಾರದೇನು ಕಾಕಾ?"

"ಯಾರರ ಕೇಳಿದ್ರ ಹೇಳ್ತಿದ್ನಲ್ಲರಿ."

ಅಕ್ಕನಾಗಮ್ಮ ಹಲಗೆ ಹಿಡಿದುಕೊಂಡೇ ಹಿಕ್ಕೆ ಬಿದ್ದ ಚಾದರದ ಮೇಲೆ ಕುಸಿದು ಕುಳಿತರು. ನಕ್ಕರು. ಅಮೃತಪ್ಪನವರ ಹೆಂಡತಿ ಅತ್ತದ್ದು, ವಕೀಲರು ಅಂಗಳ ಅಗೆದದ್ದು, ತಾವು ಏಳು ದೀಪಾವಳಿ ಹೊಸ್ತಿಲನ್ನು ಅಡುಗೆಮನೆಗೆ ಹೊತ್ತದ್ದು, ಎಲ್ಲ ನೆನಪಾಯಿತೋ ಏನೋ, ನಗುತ್ತಲೇ ಕಣ್ಣೊರೆಸಿಕೊಂಡರು. ಅರವತ್ತಮೂರು ವರ್ಷ ಆ ಮನೆಯಲ್ಲಿ ವ್ಯಾಪಾರಿ, ವಕೀಲ, ಶಿಕ್ಷಕಿ ಎಲ್ಲರೂ ಬಾಳಿದರು. ಕುರಿಯ ವಿಷಯವನ್ನು ಕುರಿಗಾರನಿಗೆ ಕೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ, ನಾನು 'ವಿಶೇಷ ಗಿಲಾವು' ಎಂದು ಬರೆದವನು.

ಮರೆಪ್ಪ ಮರುದಿನ ಬಂದ. ಕಲ್ಲಿನ ಹೊಸ್ತಿಲು ಕೂತಿತು.

ಮುಂದಿನ ವರ್ಷದ ಪಾಡ್ಯಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ, ನಾನೇ ಹೋದೆ. ಹೊಸ್ತಿಲಿಗೆ ಅರಿಸಿನ ಕುಂಕುಮ, ಒಳಗೆ ಹಿಂದಿನ ವರ್ಷದ ಹೂವಿನ ಚಾದರಗಳು ಒಗೆದು ಹಾಸಿದ್ದವು. ಕುರಿಗಳು ಹೊಸ್ತಿಲನ್ನು ನೋಡಲೂ ಇಲ್ಲ, ಟಣ್ಣನೆ ಹಾರಿ ಒಳಗೆ ಹೋದವು. ಜನಾಬಾಯಿ ಸೀರೆಯ ನಿರಿಗೆ ಎತ್ತಿ ದಾಟಿದಳು. ಎಲ್ಲರ ಹಿಂದೆ ಬೀರಣ್ಣ ಬಂದ. ಆ ವರ್ಷ ಅವನ ಮೊಣಕಾಲು ಕೆಟ್ಟಿತ್ತು. ಹೊಸ್ತಿಲಿನ ಮುಂದೆ ನಿಂತು, ಕೋಲೂರಿ, ಉಸಿರು ತೆಗೆದುಕೊಂಡ. ಅಕ್ಕನಾಗಮ್ಮ ಒಳಗೆ ಆರತಿಯ ತಟ್ಟೆ ಹಿಡಿದು ಅವನ ಬಾಯನ್ನೇ ನೋಡುತ್ತ ನಿಂತಿದ್ದರು, ಮತ್ತೆ ಹೋದ ವರ್ಷದ ಮಾತು ಬಂದೀತೇನೋ ಎಂದು.

ಬೀರಣ್ಣ ಯಾರನ್ನೂ ಏನೂ ಕೇಳಲಿಲ್ಲ. ಕಾಲೆತ್ತಿ ಒಳಗೆ ಬಂದ.